ಯಾಕೆ ಹಿಂಗಾಯ್ತು ಅಂತ ಕೇಳಿದ್ರೆ

ಹೋದ ತಿಂಗಳು ಊರಲ್ಲಿ ದೊಡ್ಡಪ್ಪನ ವರ್ಷದ ತಿಥಿ ಇತ್ತು. ಊಟ ಮುಗಿದು ಎಲೆ ಎತ್ತಿ ಆದ್ಮೇಲೆ ಹಿತ್ತಿಲಲ್ಲಿ ಕೈ ತೊಳೀತಾ ಇದ್ದೆ, ದೊಡ್ಡಪ್ಪನ ಮಗಳು, ನನಗೆ ಅಕ್ಕ ಆಗ್ಬೇಕು, ನೀರು ಹಾಕೋಕೆ ಅಂತ ಬಂದವಳು ಚೊಂಬು ಕೈಲಿ ಹಿಡ್ಕೊಂಡು ಹಂಗೇ ನಿಂತ್ಲು. ಅವಳ ಮಗ ಇಂಜಿನಿಯರಿಂಗ್ ಮೂರನೇ ವರ್ಷ. ನಾಲ್ಕು ತಿಂಗಳಿಂದ ಕಾಲೇಜಿಗೆ ಹೋಗಿಲ್ಲ, ರೂಮಿಂದ ಆಚೆ ಬರಲ್ಲ, ಸ್ನಾನ ಮಾಡು ಅಂತ ಮೂರು ಸಲ ಹೇಳ್ಬೇಕು, ಡಾಕ್ಟರ್ ಡಿಪ್ರೆಶನ್ ಅಂದಿದಾರೆ. ಇಷ್ಟು ನನಗೂ ಗೊತ್ತಿತ್ತು. "ನೀನು ಇದನ್ನೆಲ್ಲ ಮನೇಲೂ ನೋಡಿದೀಯ, ನಿನಗೂ ಬಂದಿತ್ತು, ನಿಜ ಹೇಳೋ, ನಾನೇನು ತಪ್ಪು ಮಾಡ್ದೆ?" ಅಂದ್ಲು. ಆಮೇಲೆ ನಾನು ಬಾಯಿ ತೆಗೆಯೋಕ್ಕಿಂತ ಮುಂಚೆ ಅವಳೇ ಒಂದೊಂದಾಗಿ ಹೇಳ್ತಾ ಹೋದ್ಲು. ಅವನು ಬಿಕಾಂ ಓದ್ತೀನಿ ಅಂದಾಗ ಬೇಡ ಅಂದಿದ್ದು, ಚಿಕ್ಕವನಿದ್ದಾಗ ಎರಡು ವರ್ಷ ಅಜ್ಜಿ ಮನೇಲಿ ಬಿಟ್ಟಿದ್ದು, ಪಿಯುಸಿಲಿ ಕ್ರಿಕೆಟ್ ಬ್ಯಾಟ್ ಎತ್ತಿ ಅಟ್ಟದ ಮೇಲೆ ಇಟ್ಟಿದ್ದು. ಬ್ಯಾಟಿನ ವಿಷಯ ಹೇಳುವಾಗ ಅತ್ತುಬಿಟ್ಲು.

ನಾನು "ನಿನ್ನ ತಪ್ಪೇನಿಲ್ಲ ಕಣಕ್ಕ" ಅಂದೆ. ಸುಳ್ಳಲ್ಲ, ಆದ್ರೆ ಅದು ಅವಳು ಕೇಳಿದ್ದಕ್ಕೆ ಉತ್ತರ ಆಗ್ಲಿಲ್ಲ ಅನ್ನೋದು ಅವಳ ಮುಖ ನೋಡಿದ್ರೇನೇ ಗೊತ್ತಾಗ್ತಿತ್ತು. ಅವಳಿಗೆ ಸಮಾಧಾನ ಬೇಕಿರ್ಲಿಲ್ಲ, ಕಾರಣ ಬೇಕಿತ್ತು. ವಾಪಸ್ ಬೆಂಗಳೂರಿಗೆ ಬರೋ ಟ್ರೈನಲ್ಲಿ ಪೂರ್ತಿ ಅದೇ ತಲೇಲಿ. ಇಪ್ಪತ್ತು ವರ್ಷದ ಮೇಲಾಯ್ತು ಈ ಕಾಯಿಲೆ ಹತ್ರದಿಂದ ನೋಡ್ತಾ ಇದೀನಿ, ಯಾಕೆ ಬರುತ್ತೆ ಅಂತ ಕೇಳಿದ್ರೆ ಇವತ್ತಿಗೂ ತಡವರಿಸ್ತೀನಿ. ಅದಕ್ಕೇ ಕೂತು ಬರೀತಾ ಇದೀನಿ, ಅಕ್ಕನಿಗೆ ಹೇಳ್ಬೇಕಿದ್ದನ್ನ.

ಹಾಲು ಉಕ್ಕಿದ ದಿನ

ನಮ್ಮೂರು ತಿಪಟೂರು ಕಡೆ, ತೆಂಗೇ ಬದುಕು. 2001ರಲ್ಲಿ ನಾನು ಮೈಸೂರಲ್ಲಿ ಹಾಸ್ಟೆಲಲ್ಲಿದ್ದು ಡಿಗ್ರಿ ಓದ್ತಿದ್ದೆ. ದಸರಾ ರಜಕ್ಕೆ ಅಂತ ಮನೆಗೆ ಬಂದ್ರೆ ಬಾಗಿಲಲ್ಲಿ ರಂಗೋಲಿ ಇಲ್ಲ. ಒಳಗೆ ಹೋದೆ, ಅಮ್ಮ ಒಲೆ ಮುಂದೆ ಮಣೆ ಮೇಲೆ ಕೂತಿದಾಳೆ, ಹಾಲು ಉಕ್ಕಿ ಪಾತ್ರೆ ಸುತ್ತ ಇಳಿದು ಒಲೆಗೆ ಸುರೀತಾ ಇದೆ, ಅಮ್ಮ ಅದನ್ನೇ ನೋಡ್ತಾ ಇದಾಳೆ. ನಾನು ಓಡಿಹೋಗಿ ಬಟ್ಟೇಲಿ ಹಿಡಿದು ಪಾತ್ರೆ ಇಳಿಸಿದೆ. "ಏನಮ್ಮ, ಕಾಣಿಸ್ಲಿಲ್ವಾ?" ಅಂದೆ. "ಕಾಣಿಸ್ತು ಕಣಪ್ಪ, ಏಳಕ್ಕಾಗ್ಲಿಲ್ಲ" ಅಂದ್ಲು. ಆ ಮಾತು ನನಗೆ ಅವತ್ತು ಅರ್ಥ ಆಗ್ಲಿಲ್ಲ. ಹದಿನಾರು ವರ್ಷ ಆದ್ಮೇಲೆ ಅರ್ಥ ಆಯ್ತು, ಅದು ಮುಂದೆ ಹೇಳ್ತೀನಿ.

ಅವತ್ತು ರಾತ್ರಿ ಜಗಲಿ ಮೇಲೆ ಎಲ್ಲ ಸೇರಿದ್ರು. ಚಿಕ್ಕಪ್ಪ ಹೇಳಿದ್ದು, ನುಸಿ ಪೀಡೆ ಬಂದಾಗಿಂದ ಕಾಯಿ ಸಣ್ಣ ಆಗಿ ಆದಾಯ ಅರ್ಧಕ್ಕೆ ಇಳಿದಿದೆ, ಸಾಲ ಇದೆ, ಅತ್ತಿಗೆ ಅದನ್ನೇ ಮನಸ್ಸಿಗೆ ಹಚ್ಕೊಂಡಿದಾರೆ ಅಂತ. ಅತ್ತೆ ಹೇಳಿದ್ದು, ಅಜ್ಜಿ ಆರು ವರ್ಷ ಹಾಸಿಗೆ ಹಿಡಿದಿದ್ಲು, ಇವಳೇ ನೋಡ್ಕೊಂಡ್ಲು, ಈಗ ಅಜ್ಜಿ ಹೋದ್ಮೇಲೆ ಮಾಡೋಕೆ ಕೆಲಸ ಇಲ್ಲ, ಸುಮ್ನೆ ಕೂತ್ರೆ ಹಿಂಗೇ ಆಗೋದು. ದೊಡ್ಡಮ್ಮ ನನ್ನ ಕಡೆ ನೋಡಿ, ಮಗಳು ಮದುವೆ ಆಗಿ ದಾವಣಗೆರೆಗೆ ಹೋದ್ಲು, ಮಗ ಹಾಸ್ಟೆಲ್ ಸೇರಿ ಕಾಗದಾನೂ ಬರೆಯಲ್ಲ ಅಂದ್ಲು. ಇನ್ನೊಬ್ರು ಮುಟ್ಟು ನಿಲ್ಲೋ ವಯಸ್ಸು ಅಂದ್ರು. ಪಕ್ಕದ ಮನೆಯವರು ಕೆರೆ ದಾರಿ ಹುಣಸೆ ಮರದ ಹತ್ರ ಏನೋ ಸೋಕಿದೆ ಅಂದ್ರು. ಅಪ್ಪ ಏನೂ ಮಾತಾಡದೆ ಟಾರ್ಚ್ ತಗೊಂಡು ತೋಟಕ್ಕೆ ಹೊರಟುಹೋದ್ರು. ನಾನು ನೀರು ಕುಡಿಯೋಕೆ ಅಂತ ಒಳಗೆ ಎದ್ದು ಹೋದಾಗ ನೋಡಿದೆ, ಬಾಗಿಲ ಹಿಂದೆ ಕತ್ತಲಲ್ಲಿ ಅಮ್ಮ ನಿಂತಿದ್ಲು. ಎಲ್ಲ ಕೇಳಿಸ್ಕೊಂಡಿದ್ಲು.

ಈಗ ಯೋಚನೆ ಮಾಡಿದ್ರೆ ಆ ಜಗಲಿ ಮೇಲೆ ಯಾರೂ ಪೂರ್ತಿ ತಪ್ಪು ಹೇಳಿರ್ಲಿಲ್ಲ, ಹುಣಸೆ ಮರ ಒಂದನ್ನ ಬಿಟ್ರೆ. ಸಾಲ, ಸಾವು, ವರ್ಷಗಟ್ಟಲೆ ರೋಗಿ ಆರೈಕೆ, ಮಕ್ಕಳು ದೂರ ಆಗೋದು, ಮುಟ್ಟು ನಿಲ್ಲೋ ಕಾಲದ ಹಾರ್ಮೋನ್ ಏರುಪೇರು, ಇವೆಲ್ಲ ಡಿಪ್ರೆಶನ್ನಿಗೆ ದಾರಿ ಮಾಡೋ ವಿಷಯಗಳೇ ಅಂತ ಡಾಕ್ಟರ್‌ಗಳೂ ಹೇಳ್ತಾರೆ. ಆದ್ರೆ ಅವತ್ತು ಹೇಳಿದ ಒಂದೊಂದು ಕಾರಣದ ಹಿಂದೇನೂ ಒಬ್ಬ ಮನುಷ್ಯ ಇದ್ದ. ಸಾಲ ಅಂದ್ರೆ ಅಪ್ಪ. ಹಾಸ್ಟೆಲ್ ಅಂದ್ರೆ ನಾನು. ಸುಮ್ನೆ ಕೂರೋದು ಅಂದ್ರೆ ಅಮ್ಮಾನೇ. ನಮ್ಮ ಮನೆಗಳಲ್ಲಿ "ಯಾಕೆ ಹಿಂಗಾಯ್ತು" ಅಂತ ಕೇಳಿದ್ರೆ ಅದರೊಳಗೆ "ಯಾರಿಂದ ಆಯ್ತು" ಅನ್ನೋದು ಸೇರ್ಕೊಂಡೇ ಇರುತ್ತೆ. ಅಕ್ಕ ಕೇಳಿದ್ದೂ ಅದನ್ನೇ, ಬೇರೆಯವರು ಬೆರಳು ತೋರಿಸೋಕ್ಕಿಂತ ಮುಂಚೆ ತಾನೇ ತೋರಿಸ್ಕೊಂಡಿದ್ಲು ಅಷ್ಟೆ.

ಮೈಸೂರ್ ಪಾಕ್

ತಾಯಿತ ಕಟ್ಟಿಸಿದ್ದಾಯ್ತು, ದೇವಸ್ಥಾನದಲ್ಲಿ ಮೂರು ಅಮಾವಾಸ್ಯೆ ಆಯ್ತು, ಊರಲ್ಲಿ ಒಬ್ರು ನರ ದೌರ್ಬಲ್ಯ ಅಂತ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹತ್ತು ಕೊಟ್ಟಿದ್ದೂ ಆಯ್ತು. ಕೊನೆಗೆ ಪ್ಯಾಸೆಂಜರ್ ಟ್ರೈನಲ್ಲಿ ತುಮಕೂರಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಡಾಕ್ಟರಮ್ಮ ನಮ್ಮನ್ನ ಸುಮ್ನೆ ಕೂರೋಕೆ ಹೇಳಿ ಅಮ್ಮನ ಹತ್ರಾನೇ ಮಾತಾಡಿದ್ರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ? ಮೂರು ಗಂಟೆಗೆ. ಆಮೇಲೆ ನಿದ್ದೆ ಬರುತ್ತಾ? ಇಲ್ಲ. ಬೇಜಾರು ಬೆಳಿಗ್ಗೆ ಜಾಸ್ತಿನಾ ಸಂಜೆ ಜಾಸ್ತಿನಾ? ಬೆಳಿಗ್ಗೆ. ಯಾವಾಗಿಂದ? ಯುಗಾದಿ ಕಳೆದ್ಮೇಲೆ. ಬಾಯಿ ರುಚಿ ಇದೆಯಾ, ಚಳಿ ಜಾಸ್ತಿ ಆಗುತ್ತಾ, ಕೂದಲು ಉದುರುತ್ತಾ? ನಾವೆಲ್ಲ ಆರು ತಿಂಗಳಿಂದ ಕಾರಣ ಹುಡುಕಿದ್ವಿ, ಅಮ್ಮ ಮೂರು ಗಂಟೆಗೆ ಎದ್ದು ಕತ್ತಲಲ್ಲಿ ಒಬ್ಬಳೇ ಕೂತಿರ್ತಾಳೆ ಅನ್ನೋದು ಮನೇಲಿ ಒಬ್ರಿಗೂ ಗೊತ್ತಿರ್ಲಿಲ್ಲ. ಕೇಳಿರ್ಲೇ ಇಲ್ಲ.

ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಮ್ಮಿ ಇದೆ ಅಂತ ಬಂತು. ಥೈರಾಯ್ಡ್ ಕಮ್ಮಿ ಆದ್ರೆ ಮೈ ಮನಸ್ಸು ಎರಡೂ ನಿಧಾನ ಆಗುತ್ತೆ, ಸುಸ್ತು, ಮರೆವು, ಮಂಕು, ನೋಡೋಕೆ ಥೇಟ್ ಡಿಪ್ರೆಶನ್ ಥರಾನೇ ಇರುತ್ತೆ. ಇನ್ನೂ ಕೆಲವು ಹಿಂಗೇ ಬರ್ತವೆ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ಪಾರ್ಶ್ವವಾಯು ಆದ್ಮೇಲೆ, ಹಾರ್ಟ್ ಅಟ್ಯಾಕ್ ಆದ್ಮೇಲೆ, ಕೆಲವರಿಗೆ ಸ್ಟೀರಾಯ್ಡ್ ಮಾತ್ರೆಯಿಂದ ಕೂಡ. ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಯಾರಿಗಾದ್ರೂ ಹೇಳ್ತೀನಿ, ಸಸ್ಯಾಹಾರಿಗಳಿಗಂತೂ ಬಿ12 ನೋಡಿಸ್ಕೊಳ್ಳಿ ಅಂತ ಒತ್ತಿ ಹೇಳ್ತೀನಿ.

ಅವತ್ತು ವಾಪಸ್ ಬರುವಾಗ ಅಪ್ಪ ತುಮಕೂರು ಬಸ್‌ಸ್ಟ್ಯಾಂಡಲ್ಲಿ ಅರ್ಧ ಕೆಜಿ ಮೈಸೂರ್ ಪಾಕ್ ತಗೊಂಡ್ರು. ಹಬ್ಬ ಇಲ್ಲ ಹುಣ್ಣಿಮೆ ಇಲ್ಲ. ಊರಲ್ಲಿ ಸಿಕ್ಕವರಿಗೆಲ್ಲ "ಥೈರಾಯ್ಡ್ ಅಂತೆ, ಥೈರಾಯ್ಡ್" ಅಂತ ಹೇಳ್ಕೊಂಡು ಓಡಾಡಿದ್ರು. ಅವ್ರ ಎದೆ ಮೇಲಿದ್ದ ಕಲ್ಲು ಇಳಿದಿತ್ತು, ನನ್ನದೂ ಇಳಿದಿತ್ತು, ಯಾಕಂದ್ರೆ ಥೈರಾಯ್ಡಿಗೆ ಸಾಲಗಾರ ಗಂಡನೂ ಕಾರಣ ಅಲ್ಲ, ಕಾಗದ ಬರೆಯದ ಮಗನೂ ಅಲ್ಲ. ಅಮ್ಮ ಮಾತ್ರ ಆ ಮೈಸೂರ್ ಪಾಕ್ ತಿನ್ಲಿಲ್ಲ.

ಮೂರು ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತಗೊಂಡ್ಲು. ಮುಖದ ಊತ ಇಳೀತು, ಚಳಿ ಹೋಯ್ತು, ರಿಪೋರ್ಟಲ್ಲಿ ಎಲ್ಲ ಸರಿಯಾಯ್ತು. ಮಂಕು ಅರ್ಧ ಹೋಯ್ತು, ಅರ್ಧ ಹಂಗೇ ಉಳೀತು. ಮತ್ತೆ ಹೋದಾಗ ಡಾಕ್ಟರಮ್ಮ ಡಿಪ್ರೆಶನ್ ಮಾತ್ರೆ ಶುರು ಮಾಡಿ, ಅಪ್ಪನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ್ರು, "ಇವ್ರು ಮನಸ್ಸು ಬಿಚ್ಚಿ ಮಾತಾಡೋದು ಯಾರ ಹತ್ರ?" ಅಪ್ಪ ನನ್ನ ಮುಖ ನೋಡಿದ್ರು, ನಾನು ಅಪ್ಪನ ಮುಖ ನೋಡ್ದೆ. ಅಮ್ಮಾನೇ ಹೇಳಿದ್ಲು, "ಮೊದ್ಲು ಬಾವಿ ಹತ್ರ ಸಿಗ್ತಿದ್ರು ಕಣಮ್ಮ ಎಲ್ಲ. ಮೇಲಿನ ಮನೆಯೋಳು ನಾನು ದಿನಾ ಒಂದು ಗಂಟೆ ಮಾತಾಡ್ತಿದ್ವಿ. ಮನೆಗೇ ನಲ್ಲಿ ಬಂತಲ್ಲ." ನಲ್ಲಿ ಹಾಕಿಸಿದ ದಿನ ಅಪ್ಪ ಎಷ್ಟು ಹೆಮ್ಮೆಪಟ್ಟಿದ್ರು ಅಂತ ನನಗೆ ಚೆನ್ನಾಗಿ ನೆನಪಿದೆ, ಅಮ್ಮನಿಗೆ ಇನ್ಮೇಲೆ ನೀರು ಸೇದೋ ಕಷ್ಟ ಇಲ್ಲ ಅಂತ. ಕಷ್ಟ ಹೋಯ್ತು, ಅದರ ಜೊತೆ ಆ ಒಂದು ಗಂಟೆನೂ ಹೋಯ್ತು. ಜಗಲಿ ಮೇಲಿನ ಪಟ್ಟೀಲಿ ಇದು ಇರ್ಲಿಲ್ಲ.

ಎಷ್ಟೋ ವರ್ಷ ಆದ್ಮೇಲೆ ಓದ್ತಾ ಒಂದು ಕಡೆ ನಿಂತುಬಿಟ್ಟೆ. ಲಂಡನ್ನಿನ ಕ್ಯಾಂಬರ್‌ವೆಲ್ ಅನ್ನೋ ಕಡೆ ಜಾರ್ಜ್ ಬ್ರೌನ್, ಟಿರಿಲ್ ಹ್ಯಾರಿಸ್ ಅಂತ ಇಬ್ಬರು ಸಂಶೋಧಕರು ಅಲ್ಲಿನ ಹೆಂಗಸರ ಹತ್ರ ಕೂತು ಗಂಟೆಗಟ್ಟಲೆ ಮಾತಾಡಿ 1978ರಲ್ಲಿ ಬರೆದಿದ್ದು. ದೊಡ್ಡ ಪೆಟ್ಟು ಬಿದ್ದಾಗ ಯಾರು ಡಿಪ್ರೆಶನ್ನಿಗೆ ಬೀಳ್ತಾರೆ, ಯಾರು ತಡ್ಕೊಳ್ತಾರೆ ಅಂತ ನೋಡಿದ್ರೆ, ಹನ್ನೊಂದು ವರ್ಷದೊಳಗೆ ತಾಯಿನ ಕಳ್ಕೊಂಡವರು, ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳನ್ನ ಮನೇಲಿ ನೋಡ್ಕೊಳ್ಳೋರು, ಹೊರಗೆ ಕೆಲಸ ಇಲ್ಲದವರು, ಮತ್ತೆ ಮನಸ್ಸು ಬಿಚ್ಚಿ ಹೇಳ್ಕೊಳ್ಳೋಕೆ ಹತ್ರದವರು ಯಾರೂ ಇಲ್ಲದವರು, ಇವ್ರಿಗೆ ಅಪಾಯ ಜಾಸ್ತಿ ಅಂತ ಕಂಡ್ರು. ಆ ಕೊನೇದು ಓದಿದಾಗ ನನ್ನ ಕಣ್ಮುಂದೆ ಬಂದಿದ್ದು ನಮ್ಮೂರ ಬಾವಿ, ಅದರ ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲು.

ಗಾಳಿಗೆ ಬಿದ್ದ ಮರ

ಅಪ್ಪ ಓದಿದ್ದು ಏಳನೇ ಕ್ಲಾಸು. ಅಮ್ಮ ಚೇತರಿಸ್ಕೊಂಡ ವರ್ಷ ಮುಂಗಾರಿನ ಗಾಳಿಗೆ ನಮ್ಮ ತೋಟದಲ್ಲಿ ಒಂದು ಮರ ಬಿತ್ತು. ನಾನು "ಗಾಳಿ ಜೋರಿತ್ತಲ್ವಾ ಅಪ್ಪ" ಅಂದೆ. ಅವ್ರು ಬಿದ್ದ ಮರ ತೋರಿಸಿದ್ರು. ಮೊದಲು ಕುರುವಾಯಿ ಕೀಟ ಸುಳಿ ಕೊರೆದಿದೆ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬಂದು ಮೊಟ್ಟೆ ಇಟ್ಟಿದೆ, ಮರಿ ಹುಳ ಒಳಗೊಳಗೇ ತಿಂದು ಕಾಂಡ ಪೊಳ್ಳು ಮಾಡಿದೆ. ಹಿಂದಿನ ಎರಡು ವರ್ಷ ಮಳೆ ಸರಿಯಿರ್ಲಿಲ್ಲ, ಮರಕ್ಕೆ ಶಕ್ತಿ ಇರ್ಲಿಲ್ಲ. "ಅದೇ ಗಾಳಿ ಪಕ್ಕದ ಮರಕ್ಕೂ ಬೀಸ್ತಲ್ಲೋ, ಅದು ನಿಂತೈತೆ ನೋಡು" ಅಂದ್ರು. ಅಮ್ಮನ ಬಗ್ಗೆ ಅವ್ರು ಅವತ್ತು ಒಂದು ಮಾತೂ ಆಡ್ಲಿಲ್ಲ, ಆದ್ರೆ ಅಷ್ಟು ಹೊತ್ತು ಆ ಮರದ ಹತ್ರ ಯಾಕೆ ನಿಂತಿದ್ರು ಅಂತ ನನಗೆ ಗೊತ್ತು.

ಮನೋವೈದ್ಯರೂ ಹೆಚ್ಚು ಕಮ್ಮಿ ಹಿಂಗೇ ಬಿಡಿಸಿ ನೋಡ್ತಾರೆ. ಮುಂಚಿಂದಾನೇ ಇದ್ದ ದೌರ್ಬಲ್ಯ ಏನು, ಈ ಸಲ ಕೆಡವಿದ್ದು ಏನು, ಬಿದ್ದ ಮೇಲೆ ಏಳೋಕೆ ಬಿಡದೆ ಇರೋದು ಏನು. ಮೂರೂ ಬೇರೆ ಬೇರೆ ಪ್ರಶ್ನೆ. ನಾವು ಎರಡನೇದನ್ನ ಮಾತ್ರ ಹಿಡ್ಕೊಂಡು ಜಗ್ಗಾಡ್ತೀವಿ.

ಕೆಮಿಕಲ್ ಕಮ್ಮಿ ಆಗಿದೆ ಅನ್ನೋ ಮಾತು

"ಮೆದುಳಲ್ಲಿ ಸೆರೊಟೋನಿನ್ ಅನ್ನೋ ಕೆಮಿಕಲ್ ಕಮ್ಮಿ ಆಗಿದೆ, ಅಷ್ಟೇ" ಅಂತ ಎಲ್ರೂ ಹೇಳ್ತಾರೆ, ನಾನೂ ವರ್ಷಗಟ್ಟಲೆ ಹೇಳಿದೀನಿ. ಈ ಮಾತಿನ ಮೂಲದಲ್ಲಿ ನಮ್ಮ ಸರ್ಪಗಂಧ ಇದೆ ಅಂತ ತಿಳಿದಾಗ ಆಶ್ಚರ್ಯ ಆಯ್ತು. ಸರ್ಪಗಂಧದ ಬೇರಿಂದ ತೆಗೆದ ರಿಸರ್ಪಿನ್ ಅನ್ನ 1950ರ ದಶಕದಲ್ಲಿ ಬಿಪಿಗೆ ಕೊಡ್ತಿದ್ರು, ತಗೊಂಡವರಲ್ಲಿ ಕೆಲವರು ಮಂಕಾಗ್ತಾರೆ ಅಂತ ವರದಿ ಬಂತು. ಅದೇ ಹೊತ್ತಲ್ಲಿ ನ್ಯೂಯಾರ್ಕಿನ ಒಂದು ಕ್ಷಯದ ಆಸ್ಪತ್ರೇಲಿ ಐಪ್ರೋನಿಯಜಿಡ್ ಅನ್ನೋ ಹೊಸ ಔಷಧಿ ಕೊಟ್ಟಾಗ ಸಾಯೋ ಸ್ಥಿತೀಲಿದ್ದ ರೋಗಿಗಳು ಗೆಲುವಾಗಿ ಓಡಾಡೋಕೆ ಶುರು ಮಾಡಿದ್ರು. ಮೊದಲನೇದು ಮೆದುಳಿನ ಕೆಲವು ರಾಸಾಯನಿಕಗಳನ್ನ ಬರಿದು ಮಾಡುತ್ತೆ, ಎರಡನೇದು ಹೆಚ್ಚು ಮಾಡುತ್ತೆ. ಹಂಗಾದ್ರೆ ಡಿಪ್ರೆಶನ್ ಅಂದ್ರೆ ಆ ರಾಸಾಯನಿಕದ ಕೊರತೆ ಇರ್ಬೇಕು ಅಂತ ಊಹೆ ಮಾಡಿದ್ರು. ಊಹೆ ಚೆನ್ನಾಗಿತ್ತು, ಆದ್ರೆ ಒಂದು ವಿಷಯ ಮೊದಲಿಂದ್ಲೂ ಕೂಡಿ ಬರ್ಲಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೇಲಿ ಸೆರೊಟೋನಿನ್ ಮೇಲೆ ಕೆಲಸ ಶುರುವಾಗುತ್ತೆ, ಮನಸ್ಸು ಸರಿಹೋಗೋಕೆ ಮಾತ್ರ ವಾರಗಳು ಬೇಕು. 2022ರಲ್ಲಿ ಲಂಡನ್ನಿನ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಸೆರೊಟೋನಿನ್ ಕಮ್ಮಿ ಆಗಿದ್ರಿಂದ್ಲೇ ಡಿಪ್ರೆಶನ್ ಬರುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ ಅಂದ್ರು. ಅವ್ರ ಮಾತಿಗೂ ತಕರಾರು ಎದ್ದಿತು, ಚರ್ಚೆ ನಡೀತಾನೇ ಇದೆ.

ಇದನ್ನ ಓದಿ ಯಾರೂ ಮಾತ್ರೆ ನಿಲ್ಲಿಸ್ಬೇಡಿ ದಯವಿಟ್ಟು. ಬೇವಿನ ಹಿಂಡಿ ಹಾಕಿದ್ರೆ ನುಸಿ ಬಿದ್ದ ತೆಂಗು ಚೇತರಿಸ್ಕೊಳ್ಳುತ್ತೆ, ಹಂಗಂತ ಮರಕ್ಕೆ ಬೇವಿನ ಹಿಂಡಿ ಕಮ್ಮಿ ಆಗಿ ಕಾಯಿಲೆ ಬಂತು ಅಂತ ಯಾರೂ ಹೇಳಲ್ಲ. ಮಾತ್ರೆಯಿಂದ ಅಮ್ಮ ಎದ್ದು ಓಡಾಡಿದ್ಲು, ನಾನೂ ಎದ್ದೆ. ಬೇಡ ಅನ್ಸಿದ್ರೂ ಡಾಕ್ಟರಿಗೆ ಹೇಳಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಬೇಕು, ಥಟ್ ಅಂತ ನಿಲ್ಲಿಸಿದ್ರೆ ಮೈ ಕೆಡುತ್ತೆ.

ನನ್ನ ಸರದಿ

2017ರಲ್ಲಿ ನನಗೆ ಬಂತು. ಹೇಳ್ಕೊಳ್ಳೋಕೆ ಕಷ್ಟ ಏನೂ ಇರ್ಲಿಲ್ಲ, ಅದೇ ದೊಡ್ಡ ಕಷ್ಟ ಆಗಿತ್ತು. ಸ್ವಂತ ಮನೆ ಆಗಿತ್ತು, ಪ್ರಮೋಷನ್ ಬಂದಿತ್ತು, ಮಗಳು ಚೆನ್ನಾಗಿ ಓದ್ತಿದ್ಲು. ಒಂದು ಭಾನುವಾರ ಒಗೆದ ಬಟ್ಟೆ ಮೆಷಿನ್ನಲ್ಲೇ ಇತ್ತು, ತೆಗೆದು ಒಣಗಾಕ್ಬೇಕು. ಬಾಗಿಲು ತೆಗೆದು ಮುಂದೆ ಸ್ಟೂಲ್ ಹಾಕ್ಕೊಂಡು ಕೂತವನು ಮಧ್ಯಾಹ್ನದ ತನಕ ಕೂತೇ ಇದ್ದೆ. ಬಟ್ಟೆ ಕಾಣಿಸ್ತಾ ಇತ್ತು. ಏಳೋಕೆ ಆಗ್ತಿರ್ಲಿಲ್ಲ. ಆಗ ಅಮ್ಮನ ಹಾಲಿನ ಪಾತ್ರೆ ನೆನಪಾಗಿ, ಹದಿನಾರು ವರ್ಷದಲ್ಲಿ ಮೊದಲ ಸಲ ಅಮ್ಮನಿಗೋಸ್ಕರ ಅತ್ತೆ. ಹೆಂಡತಿ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತು ತುಂಬಾ ಹೊತ್ತಾದ್ಮೇಲೆ ಕೇಳಿದ್ಲು, "ನನ್ನಿಂದ ಏನಾದ್ರೂ ಆಯ್ತಾ ರೀ?"

ನಾನು ಅಮ್ಮನಿಂದ ಬಂದಿದ್ದು ಅಂತ ತೀರ್ಮಾನ ಮಾಡ್ಕೊಂಡಿದ್ದೆ. ಡಾಕ್ಟರ್ ಅದನ್ನ ಅಷ್ಟು ಸುಲಭಕ್ಕೆ ಒಪ್ಲಿಲ್ಲ. ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಇದ್ರೆ ಅಪಾಯ ಎರಡು ಮೂರು ಪಟ್ಟು ಹೆಚ್ಚು, ಅದು ನಿಜ. ಆದ್ರೆ ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಜನರ ನಡುವೆ ಈ ವಿಷಯದಲ್ಲಿ ಕಾಣೋ ವ್ಯತ್ಯಾಸದಲ್ಲಿ ಶೇ 37ರಷ್ಟು ಮಾತ್ರ ವಂಶವಾಹಿಯದ್ದು, ಮಿಕ್ಕಿದ್ದು ಬದುಕಿನದ್ದು. ಇದೊಂದೇ ಜೀನ್ ಅಂತ ಬೆರಳಿಟ್ಟು ತೋರಿಸೋಕೂ ಆಗಲ್ಲ, ನೂರಾರು ಇವೆ, ಒಂದೊಂದರ ಪಾಲೂ ಚೂರು ಚೂರು. ಆಮೇಲೆ ಅವ್ರು ನನ್ನ ದಿನಚರಿ ಬರೆಸಿದ್ರು. ಎರಡು ವರ್ಷದಿಂದ ಅಮೆರಿಕದವರ ಜೊತೆ ರಾತ್ರಿ ಕಾಲ್, ಮಲಗೋದು ಎರಡು ಗಂಟೆಗೆ, ಎಚ್ಚರ ಐದಕ್ಕೆ. ಬೆಳಗಿನ ವಾಕಿಂಗ್ ನಿಂತು ವರ್ಷ ಆಗಿತ್ತು. ಅಪ್ಪ ತೀರ್ಕೊಂಡು ಹದಿನಾಲ್ಕು ತಿಂಗಳು, ಕಾರ್ಯ ಮುಗಿಸಿ ಮೂರನೇ ದಿನಕ್ಕೆ ಲಾಗಿನ್ ಆಗಿದ್ದೆ. ಅದನ್ನ ಬರೆದ ಮೇಲೆ ನಾನೇ ಆ ಕಾಗದ ನೋಡ್ತಾ ಕೂತೆ, ಕಷ್ಟ ಏನೂ ಇಲ್ಲ ಅಂತ ಹೇಳ್ಕೊಂಡು ಓಡಾಡಿದ್ದವನು. ತುಂಬಾ ದಿನ ಒತ್ತಡದಲ್ಲೇ ಇದ್ರೆ ಮೈಯೊಳಗಿನ ಅಲಾರಂ ಆಫ್ ಆಗೋದನ್ನೇ ಮರೆಯುತ್ತೆ, ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಇಳಿಯಬೇಕಾದಾಗ ಇಳಿಯಲ್ಲ, ಅದು ನಿದ್ದೆ ಕೆಡಿಸುತ್ತೆ, ನಿದ್ದೆ ಕೆಟ್ರೆ ಅದು ಇನ್ನೂ ಏರುತ್ತೆ ಅಂತ ವಿವರಿಸಿದ್ರು. ಬೇಜಾರಾಗಿ ಆಚೆ ಹೋಗೋದು ಬಿಟ್ಟೆ, ಆಚೆ ಹೋಗೋದು ಬಿಟ್ಟಿದ್ದಕ್ಕೆ ಬೇಜಾರು ಜಾಸ್ತಿ ಆಯ್ತು. ಅಪ್ಪನ ಸಾವನ್ನ ವಾಪಸ್ ತರೋಕಾಗಲ್ಲ, ವಂಶವಾಹಿ ಬದಲಾಯ್ಸೋಕಾಗಲ್ಲ, ರಾತ್ರಿ ಕಾಲ್ ನಿಲ್ಲಿಸ್ಬೋದಿತ್ತು. ಅಲ್ಲಿಂದ ಶುರು ಮಾಡಿದ್ವಿ, ಮಾತ್ರೆ ಜೊತೆಗೆ.

ಮನೆ ಒಳಗಿನ ಕಾರಣಗಳು

ತಪ್ಪು ಯಾರದ್ದೂ ಅಲ್ಲ ಅಂತ ಎಲ್ಲ ಕಡೆನೂ ಹೇಳೋಕೆ ನನಗೆ ಮನಸ್ಸು ಬರಲ್ಲ. ಗೋವಾದಲ್ಲಿ ಹೆರಿಗೆ ಆದ ತಾಯಂದಿರ ಮೇಲೆ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜೊತೆಯವರು ಮಾಡಿದ ಅಧ್ಯಯನ 2002ರಲ್ಲಿ ಬಂತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಡಿಪ್ರೆಶನ್ ಇತ್ತು. ಬಡತನ, ಗಂಡನ ಜೊತೆ ಸರಿಯಿಲ್ಲದ ಸಂಬಂಧ, ಹುಟ್ಟಿದ ಮಗು ಹೆಣ್ಣು ಅನ್ನೋದು, ಇವೆಲ್ಲ ಅದಕ್ಕೆ ತಳಕು ಹಾಕ್ಕೊಂಡಿದ್ವು. ಅಂಥ ಮನೇಲಿ ಬಾಣಂತಿಗೆ "ಹಾರ್ಮೋನ್ ಅಷ್ಟೆ, ಸರಿಹೋಗುತ್ತೆ" ಅಂದ್ರೆ ಹೊಡೆಯೋ ಗಂಡ ಹಂಗೇ ಬಚಾವಾಗ್ತಾನೆ. ಹೆಂಗಸರಲ್ಲಿ ಡಿಪ್ರೆಶನ್ ಗಂಡಸರಿಗಿಂತ ಸುಮಾರು ಎರಡು ಪಟ್ಟು ಅಂತ ಜಗತ್ತಿನ ಬಹಳ ಕಡೆ ಕಂಡಿದೆ, ಅದನ್ನ ಬರೀ ಹಾರ್ಮೋನ್ ಮೇಲೆ ಹಾಕೋದು ನನ್ನ ಮಟ್ಟಿಗೆ ಅನ್ಯಾಯ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೇಲಿ ಇಪ್ಪತ್ತು ಜನರಲ್ಲಿ ಒಬ್ಬರು ಬದುಕಲ್ಲಿ ಒಂದು ಸಲ ಆದ್ರೂ ಡಿಪ್ರೆಶನ್ ಅನುಭವಿಸಿರ್ತಾರೆ ಅಂತ ಬಂತು. ಅಂದ್ರೆ ದೊಡ್ಡಪ್ಪನ ತಿಥಿಗೆ ಬಂದಿದ್ದ ಇನ್ನೂರು ಜನದಲ್ಲಿ ಹತ್ತು ಜನ. ನನಗೆ ಗೊತ್ತಿರೋದು ಇಬ್ಬರು.

ಮೊನ್ನೆ ಭಾನುವಾರ ಅಕ್ಕನಿಗೆ ಫೋನ್ ಮಾಡ್ದೆ. ಇಷ್ಟೆಲ್ಲ ಹೇಳೋಕೆ ಆಗ್ಲಿಲ್ಲ, ಸ್ವಲ್ಪ ಹೇಳಿದೆ. ಬ್ಯಾಟ್ ಅಟ್ಟದ ಮೇಲೆ ಇಟ್ಟಿದ್ದಕ್ಕೆ ಯಾರಿಗೂ ಈ ಕಾಯಿಲೆ ಬರಲ್ಲ ಕಣಕ್ಕ, ಬಿಕಾಂ ವಿಷಯ ಅವನ ಹತ್ರಾನೇ ಒಂದು ದಿನ ಮಾತಾಡು, ಈಗ ಬೇಡ, ಸ್ವಲ್ಪ ಸುಧಾರಿಸ್ಕೊಳ್ಳಲಿ ಅಂದೆ. ಥೈರಾಯ್ಡ್, ಬಿ12 ನೋಡಿಸಿದೀರಾ ಅಂದ್ರೆ ಡಾಕ್ಟರ್ ಬರೆದುಕೊಟ್ಟಿದಾರೆ, ಇನ್ನೂ ಹೋಗಿಲ್ಲ ಅಂದ್ಲು. ರಾತ್ರಿ ಹೊತ್ತಲ್ಲಿ ಭಯ ಆದ್ರೆ, ಅವನು ಸಾಯೋ ಮಾತೇನಾದ್ರೂ ಆಡಿದ್ರೆ ಕಾಯ್ಬೇಡ, 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ ಅಂತ ಹೇಳಿ ನಂಬರ್ ಬರೆಸಿದೆ. ಅವಳು ಕ್ಯಾಲೆಂಡರ್ ಮೇಲೆ ಬರ್ಕೊಂಡ್ಲು.

ಆಮೇಲೆ ಕೇಳಿದೆ, "ಅವನು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಾನೆ?"

"ಹನ್ನೊಂದಾದ್ರೂ ಬಾಗಿಲು ತೆಗೆಯಲ್ಲ ಕಣೋ."

"ಬಾಗಿಲು ತೆಗೆಯೋದಲ್ಲ ಅಕ್ಕ, ಎಚ್ಚರ ಆಗೋದು?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸ್ತು. "ಕೇಳಿಲ್ಲ ಕಣಪ್ಪ," ಅಂದ್ಲು, "ಇರು, ಕಾಫಿ ತಗೊಂಡು ಹೋಗ್ತೀನಿ ಈಗ, ಕೇಳ್ತೀನಿ."